ಐದು ರೂಪಾಯಿ ಮತ್ತು ಖಾಲಿ ಹಾಸಿಗೆ

ಯಶಸ್ವಿನಿ ಅಂದ್ರೆ ನಮ್ಮ ಹಳ್ಳಿಗಳ ಕಡೆ ನೆನಪಾಗೋದು ಸೊಸೈಟಿಯಲ್ಲೋ ಹಾಲಿನ ಡೈರಿಯಲ್ಲೋ ಮಾಡಿಸಿದ ಕಾರ್ಡು. ರೈತರಿಗೆ ಸರ್ಕಾರ ಕೊಟ್ಟ ಸವಲತ್ತು ಅಂತಲೇ ಅದರ ಕತೆ ಹೇಳುತ್ತೇವೆ. ಸುಳ್ಳೇನಲ್ಲ. ಆದರೆ ಅದು ಆಸ್ಪತ್ರೆಗಳ ಕತೆಯೂ ಹೌದು. ಕೌಂಟರಿನಲ್ಲಿ ಮುಂಗಡ ಕಟ್ಟಿಸಿಕೊಂಡು, ಬಿಡುಗಡೆಯ ದಿನ ಉದ್ದದ ಬಿಲ್ಲು ಕೈಗಿಡುತ್ತಿದ್ದ ನರ್ಸಿಂಗ್ ಹೋಮುಗಳು ಇನ್ನೊಬ್ಬರು ಗೊತ್ತುಮಾಡಿದ ದರಕ್ಕೆ ಒಗ್ಗಿಕೊಳ್ಳಲು ಕಲಿತದ್ದು ಹೇಗೆ ಅನ್ನೋದು ಇದರಲ್ಲೇ ಇದೆ.

ಸಮಯ ನೋಡಿ. 2001ರಿಂದ ಮೂರು ವರ್ಷ ರಾಜ್ಯದಲ್ಲಿ ಒಂದರ ಹಿಂದೊಂದು ಬರ. ಮನೆಯಲ್ಲಿ ಒಬ್ಬರಿಗೆ ಆಪರೇಷನ್ ಅಂದರೆ ಹಸು ಮಾರಬೇಕು, ಇಲ್ಲಾ ಬಡ್ಡಿಗೆ ಸಾಲ ತರಬೇಕು, ಎರಡೂ ಆಗದಿದ್ದರೆ ನೋವು ನುಂಗಿಕೊಂಡು ಕೂರಬೇಕು. ಆಸ್ಪತ್ರೆಯ ಕಡೆಯಿಂದ ನೋಡಿದರೆ ಇದರದ್ದೇ ಇನ್ನೊಂದು ಮುಖ. ಕಟ್ಟಡದ ಸಾಲ, ಯಂತ್ರಗಳ ಕಂತು, ನರ್ಸುಗಳ ಸಂಬಳ ಇವು ರೋಗಿ ಬಂದರೂ ನಿಲ್ಲಲ್ಲ, ಬಾರದಿದ್ದರೂ ನಿಲ್ಲಲ್ಲ. ಆಪರೇಷನ್ ಥಿಯೇಟರು ಮಧ್ಯಾಹ್ನದ ಮೇಲೆ ಬೀಗ ಹಾಕಿಕೊಂಡು ಕೂತರೂ ಖರ್ಚು ಓಡುತ್ತಲೇ ಇರುತ್ತೆ.

ಹೃದಯತಜ್ಞ ಡಾ. ದೇವಿ ಶೆಟ್ಟಿ ಮುಂದಿಟ್ಟ ಲೆಕ್ಕ ಇಲ್ಲಿಂದಲೇ ಹುಟ್ಟಿದ್ದು. ಹಾಸಿಗೆ ಹೇಗೂ ಖಾಲಿ ಬಿದ್ದಿದೆ. ಅದರ ಮೇಲೆ ಇನ್ನೊಬ್ಬ ರೋಗಿ ಮಲಗಿದರೆ ಹೊಸದಾಗಿ ತಗಲುವುದು ಔಷಧಿ, ಹೊಲಿಗೆ ದಾರ, ಊಟ ಇಂಥವು ಮಾತ್ರ. ಹಾಗಾಗಿ ದರ ಇಳಿಸಿದರೂ ಆಸ್ಪತ್ರೆಗೆ ನಷ್ಟವಿಲ್ಲ, ಜನ ಬರಬೇಕು ಅಷ್ಟೆ. ಜನರನ್ನು ಕರೆತರುವ ದಾರಿ ಕರ್ನಾಟಕದಲ್ಲಿ ಆಗಲೇ ಇತ್ತು: ಸಹಕಾರ ಸಂಘಗಳು. ಹೊಸ ಕಚೇರಿ ತೆರೆಯಬೇಕಿರಲಿಲ್ಲ, ಏಜೆಂಟರು ಬೇಕಿರಲಿಲ್ಲ. ಹಾಲು ಅಳೆಯುವ ಕಾರ್ಯದರ್ಶಿಯೇ ಹಣ ಹಿಡಿದು ರಸೀದಿ ಬರೆದ.

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2002ರ ನವೆಂಬರಿನಲ್ಲಿ ಯೋಜನೆ ಉದ್ಘಾಟನೆಯಾಯಿತು. 2003ರ ಜೂನ್ 1ರಿಂದ ಜಾರಿ. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆಗಳು ಪಟ್ಟಿಯಲ್ಲಿದ್ದವು. ಒಂದು ಆಪರೇಷನ್ನಿಗೆ 1 ಲಕ್ಷ, ವರ್ಷಕ್ಕೆ 2 ಲಕ್ಷದ ಮಿತಿ. ವಿಮಾ ಕಂಪನಿಯ ಕೈಗೆ ಕೊಡದೆ ಒಂದು ಟ್ರಸ್ಟು ಮಾಡಿದರು; ಕಡತ ನೋಡಿ ಅನುಮತಿ ಕೊಡುವ ಕೆಲಸಕ್ಕೆ ಮಾತ್ರ ಒಂದು ಖಾಸಗಿ ಸಂಸ್ಥೆ.

ಆಸ್ಪತ್ರೆಯವರಿಗೆ ನಿಜವಾದ ಬದಲಾವಣೆ ಇಲ್ಲಿತ್ತು. ಒಂದೊಂದು ಆಪರೇಷನ್ನಿಗೂ ಒಂದೇ ದರ. ಹಾಸಿಗೆ, ಅರಿವಳಿಕೆ, ಸರ್ಜನ್ ಫೀಸು, ಔಷಧಿ ಎಲ್ಲಾ ಅದರೊಳಗೇ. ಮೊದಲು ರೋಗಿ ನಾಲ್ಕು ದಿನ ಜಾಸ್ತಿ ಇದ್ದರೆ ಆಸ್ಪತ್ರೆಗೆ ಆದಾಯ. ಈಗ ಅದೇ ನಾಲ್ಕು ದಿನ ಆಸ್ಪತ್ರೆಯ ಕೈಯಿಂದ ಖರ್ಚು. ಒಂದು ಗಾಯ ಕೀವಾದರೆ ಆ ಪ್ಯಾಕೇಜಿನಲ್ಲಿ ಉಳಿದ ಕಾಸೆಲ್ಲ ಹೋಯಿತು. ಸೋಂಕು ಆಗದಂತೆ ನೋಡಿಕೊಳ್ಳುವುದು ವೈದ್ಯಧರ್ಮ ಮಾತ್ರವಲ್ಲ, ಲೆಕ್ಕದ ಪುಸ್ತಕದ ವಿಷಯವೂ ಆಯಿತು. ಎರಡನೆಯದು ಇದ್ದರೆ ಮೊದಲನೆಯದು ಸ್ವಲ್ಪ ಬೇಗ ನೆನಪಾಗುತ್ತೆ ಅಂತ ನನ್ನ ಅನುಮಾನ!

ಮೊದಲ ವರ್ಷ 16 ಲಕ್ಷ ಜನ ಸೇರಿದರು. ತಲಾ 60 ಅಂದರೆ 9 ಕೋಟಿ 60 ಲಕ್ಷ. ಸರ್ಕಾರ ನಾಲ್ಕೂವರೆ ಕೋಟಿ ಸೇರಿಸಿತು. ಸುಮಾರು 9,000 ಆಪರೇಷನ್ನುಗಳಾಗಿ ಹತ್ತೂವರೆ ಕೋಟಿಯಷ್ಟು ಖರ್ಚಾಯಿತು. ಸರಿದೂಗಿತು. ಎರಡನೇ ವರ್ಷ ಸದಸ್ಯರು 20 ಲಕ್ಷ ದಾಟಿದರು, ಆಪರೇಷನ್ನುಗಳು 15,000 ಮೀರಿದವು, ಖರ್ಚು 18 ಕೋಟಿ ದಾಟಿತು. ಸದಸ್ಯರ ವಂತಿಗೆ 12 ಕೋಟಿಯ ಆಸುಪಾಸು. ತೂತು ಕಾಣಿಸಿಕೊಂಡಿತು.

2005ರಲ್ಲಿ ವಂತಿಗೆಯನ್ನು 120ಕ್ಕೆ ಏರಿಸಿದರು. ಆಗ ಆದದ್ದು ವಿಮೆಯ ಪಾಠಪುಸ್ತಕದಲ್ಲಿ ಇರಬೇಕಾದ ಸಂಗತಿ. ಸದಸ್ಯರು 15 ಲಕ್ಷಕ್ಕಿಂತ ಕೆಳಗಿಳಿದರು, ಆಪರೇಷನ್ನುಗಳು ಮಾತ್ರ 19,000 ದಾಟಿದವು! ಬಿಟ್ಟುಹೋದವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗಟ್ಟಿಮುಟ್ಟಾಗಿದ್ದವರಿಗೆ 120 ದಂಡ ಅನ್ನಿಸಿತು. ಹೊಟ್ಟೆನೋವಿದ್ದವರು ಸಾಲ ಮಾಡಿಯಾದರೂ ಕಟ್ಟಿದರು. ಬೆಲೆ ಏರಿಸಿ ಕೊರತೆ ತುಂಬಲು ಹೋದರೆ ಕೊರತೆಯೇ ದೊಡ್ಡದಾಗುವ ಬಿಕ್ಕಟ್ಟು ಇದು. ಕೊನೆಗೂ ಸರ್ಕಾರದ ಹಣವೇ ಯೋಜನೆಯನ್ನು ನಿಲ್ಲಿಸಿದ್ದು. ಅದನ್ನು ಸೋಲು ಅನ್ನುವವರಿದ್ದಾರೆ, ನಾನಂತೂ ಅನ್ನುವುದಿಲ್ಲ. ಐದು ರೂಪಾಯಿಯಲ್ಲಿ ಎಲ್ಲ ನಡೆಯುತ್ತೆ ಅಂತ ಹೇಳಿಕೊಂಡು ತಿರುಗಿದ್ದೇ ತಪ್ಪು.

ಇನ್ನೊಂದು ಕೊರೆ ಮೊದಲಿನಿಂದಲೂ ಇತ್ತು. ಕತ್ತರಿ ಹಾಕಿದರೆ ಮಾತ್ರ ದುಡ್ಡು. ಜ್ವರ, ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಉಚಿತ ಸಲಹೆ, ತಪಾಸಣೆಯಲ್ಲಿ ರಿಯಾಯಿತಿ, ಅಷ್ಟೆ. ಆಮೇಲಾಮೇಲೆ ಹಾವು ಕಡಿತ, ನಾಯಿ ಕಡಿತ, ಎತ್ತು ಹಾಯ್ದದ್ದು, ಕರೆಂಟು ಹೊಡೆದದ್ದು ಇವೆಲ್ಲ ಪಟ್ಟಿಗೆ ಸೇರಿದವು. ಕೃಷಿಕರ ಯೋಜನೆಯಲ್ಲಿ ಇವು ಮೊದಲ ದಿನವೇ ಇರಬೇಕಿತ್ತಲ್ವಾ? ಪಟ್ಟಿ ಮಾಡಿದವರು ಆಪರೇಷನ್ ಥಿಯೇಟರಿನಿಂದ ಹೊರಟರು, ಹೊಲದಿಂದ ಹೊರಡಲಿಲ್ಲ.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಮೊದಲು ಕಲಬುರಗಿ ವಿಭಾಗ, ಆಮೇಲೆ ಬೆಳಗಾವಿ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆ ಪೂರ್ತಿ ಉಚಿತ, ವಂತಿಗೆಯೇ ಇಲ್ಲ. ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳು ಹಳ್ಳಿಗಳಲ್ಲಿ ಶಿಬಿರ ನಡೆಸಬೇಕಿತ್ತು. ರೋಗಿ ಬರಲಿ ಅಂತ ಕಾಯುತ್ತಿದ್ದ ಆಸ್ಪತ್ರೆ ಅಲ್ಲಿಗೆ ತಾನೇ ರೋಗಿಯನ್ನು ಹುಡುಕಿಕೊಂಡು ಹೊರಟಿತು. ಯೋಜನೆಯ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ, ಆ ಪಟ್ಟಿಯ ಕಾಯಿಲೆಗಳಿಂದಾಗುವ ಸಾವು ಶೇಕಡಾ 64ರಷ್ಟು ಕಡಿಮೆ ಇತ್ತಂತೆ. ಸಣ್ಣ ಸಂಖ್ಯೆಯಲ್ಲ ಅದು.

ದರದ ಜಗಳ ಮಾತ್ರ ಮುಗಿಯಲಿಲ್ಲ. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ವೈದ್ಯರು ಬೆಳಗಾವಿಗೆ ನುಗ್ಗಿದರು, ರಾಜ್ಯದ ತುಂಬಾ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿದವು. ರೋಗಿಗಳು ಪಟ್ಟ ಪಾಡಿಗೆ ಯಾವ ಸಮರ್ಥನೆಯೂ ಇಲ್ಲ. ಮಸೂದೆ ಮೆತ್ತಗಾಗಿ ಪಾಸಾಯಿತು. ಆದರೂ ಒಂದು ಮಾತು: ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯನ್ನೂ ತಾಲ್ಲೂಕಿನ ಹತ್ತು ಹಾಸಿಗೆಯ ನರ್ಸಿಂಗ್ ಹೋಮನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ತಿಂಗಳಿಗೆ ನೂರಾರು ಆಪರೇಷನ್ ಮಾಡುವವರಿಗೆ ಕಡಿಮೆ ದರ ಗಿಟ್ಟುತ್ತೆ. ಹತ್ತು ಮಾಡುವವರಿಗೆ, ಅದೂ ಬಿಲ್ಲಿನ ಹಣ ತಿಂಗಳುಗಟ್ಟಲೆ ತಡವಾದರೆ, ನರ್ಸುಗಳ ಸಂಬಳಕ್ಕೇ ಕುತ್ತು.

2018ರಲ್ಲಿ ಎಲ್ಲವನ್ನೂ ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ಯಶಸ್ವಿನಿಯೂ ಅದರಲ್ಲಿ ಕರಗಿತು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಚೀಟಿ ಬರೆಸಿಕೊಂಡು ಖಾಸಗಿಗೆ ಹೋಗುವ ಪದ್ಧತಿ. ಸರ್ಕಾರಿ ಆಸ್ಪತ್ರೆ ಬಲವಾಗಬೇಕಾದರೆ ಬೇರೆ ದಾರಿ ಇಲ್ಲ ಅನ್ನೋದನ್ನು ಒಪ್ಪುತ್ತೇನೆ. ಆದರೆ ಡೈರಿಯ ಕಾರ್ಡಿಗೆ ಒಗ್ಗಿದ್ದ ರೈತ ಆ ಚೀಟಿಗಾಗಿ ಅಲೆದದ್ದೂ ನಿಜ.

ಸಹಕಾರಿಗಳ ಒತ್ತಾಯಕ್ಕೆ 2022-23ರ ಬಜೆಟ್ಟಿನಲ್ಲಿ 300 ಕೋಟಿ ಇಟ್ಟು ಯಶಸ್ವಿನಿಯನ್ನು ಮತ್ತೆ ತಂದರು. 2023ರ ಜನವರಿಯಿಂದ ಚಿಕಿತ್ಸೆ ಶುರು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ. ತಲೆಗೆ ಹಂಚಿ ನೋಡಿ: 125 ರೂಪಾಯಿ. 2005ರಲ್ಲಿ ಜನ ಬಿಟ್ಟುಹೋದ ದರಕ್ಕಿಂತ ಐದೇ ರೂಪಾಯಿ ಜಾಸ್ತಿ.