ತಾಯಿ ಬಿಟ್ಟುಕೊಟ್ಟ ಹಾಡು

ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಕಲಿಯಬೇಕಾದದ್ದು ಹಿಂದೂಸ್ತಾನಿ. ತಮ್ಮ ಶೈಲಿಯ ನೆರಳು ಮಗಳ ಹಾಡಿಕೆಯ ಮೇಲೆ ಬೀಳಬಾರದೆಂದು ತಾಯಿ ತಾವೇ ಹಾಡುವುದನ್ನು ನಿಲ್ಲಿಸಿದರು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಗಂಗೂಬಾಯಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದರು. 1928ರಲ್ಲಿ ಸಂಗೀತಕ್ಕಾಗಿಯೇ ಕುಟುಂಬ ಹುಬ್ಬಳ್ಳಿಗೆ ಬಂತು. ಮುಂದೆ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಕಿರಾಣಾ ಘರಾಣೆಯ ಸವಾಯಿ ಗಂಧರ್ವರಲ್ಲಿ ಕಲಿತರು. ಶಾಲೆಯ ಓದು ಪ್ರಾಥಮಿಕ ಹಂತಕ್ಕೇ ನಿಂತಿದ್ದ ಅವರಿಗೆ 2002ರಲ್ಲಿ ಪದ್ಮವಿಭೂಷಣ ಸಂದಿತು.

ಅವರ ಬಾಳನ್ನು ಓದಿದಾಗಲೆಲ್ಲ ನನ್ನನ್ನು ಕಾಡುವುದು ಪ್ರಶಸ್ತಿಯಲ್ಲ, ಅಂಬಾಬಾಯಿಯವರ ಮೌನ. ನಾವು ಈ ಶಾಲೆಯಲ್ಲಿ ಓದಲೆಂದು ನಮ್ಮ ಮನೆಯವರು ಏನೇನು ಬಿಟ್ಟುಕೊಟ್ಟರೋ, ಈ ಸುವರ್ಣ ಮಹೋತ್ಸವದಲ್ಲಾದರೂ ಕೇಳಿ ಬರೆದಿಡೋಣ.