ಸೂಜಿಗಲ್ಲಿಗೆ ಹೆದರಿದ ಪರದೆ

ಅಯಸ್ಕಾಂತವನ್ನು ಟಿ.ವಿ.ಯ ಹತ್ತಿರ ಒಯ್ಯಬಾರದೆಂಬ ಮಾತನ್ನು ಕೇಳಿಯೇ ನಾವು ಬೆಳೆದೆವು. ಈಗ ಅದೇ ಎಚ್ಚರಿಕೆಯನ್ನು ಲ್ಯಾಪ್‌ಟಾಪಿನ ವಿಷಯದಲ್ಲಿ ನಮ್ಮ ಮಕ್ಕಳಿಗೆ ಹೇಳುತ್ತಿದ್ದೇವೆ. ಮಾತು ಸುಳ್ಳಲ್ಲ. ಆದರೆ ಅದು ಹುಟ್ಟಿದ್ದು ಯಾವ ಪರದೆಗಾಗಿಯೋ, ಆ ಪರದೆ ಇಂದು ನಮ್ಮ ಮನೆಗಳಲ್ಲಿ ಇಲ್ಲ. ಇದನ್ನು ತಿಳಿಯದೆ ಸಾವಿರಾರು ರೂಪಾಯಿ ತೆರುವ ಸಂಸಾರಗಳಿರುವುದರಿಂದ ಹಳೆಯ ಕಥೆಯನ್ನು ಸ್ವಲ್ಪ ಕೆದಕಿ ನೋಡೋಣ.

ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ವಿದ್ಯುತ್ ಹರಿದಾಗ ಕಾಣುವ ಹೊಳಪು ಅಯಸ್ಕಾಂತ ಹಿಡಿದರೆ ಪಕ್ಕಕ್ಕೆ ಸರಿಯುತ್ತದೆ ಎಂಬುದನ್ನು 1850ರ ದಶಕದ ಕೊನೆಯಲ್ಲೇ ಜರ್ಮನಿಯ ಪ್ಲೂಕರ್ ಕಂಡಿದ್ದರು. 1897ರಲ್ಲಿ ಕೇಂಬ್ರಿಜ್‌ನ ಜೆ. ಜೆ. ಥಾಮ್ಸನ್ ಈ ಕಿರಣಗಳು ಋಣವಿದ್ಯುತ್ತಿನ ಕಣಗಳೆಂದು ತೋರಿಸಿದರು. ಅದೇ ವರ್ಷ ಫರ್ಡಿನಾಂಡ್ ಬ್ರೌನ್ ಆ ಕಿರಣವನ್ನು ಅಯಸ್ಕಾಂತ ಬಲದಿಂದಲೇ ಅತ್ತಿತ್ತ ಓಡಿಸಿ, ಹೊಳೆಯುವ ಪರದೆಯ ಮೇಲೆ ಗೆರೆ ಮೂಡಿಸಿದರು. ಮುಂದೆ ಬಂದ ದೂರದರ್ಶನದ ಪೆಟ್ಟಿಗೆಯಲ್ಲಿ ಚಿತ್ರ ಬರೆದದ್ದೂ ಇಂಥ ಕಿರಣವೇ. ಹೊರಗಿನಿಂದ ಇನ್ನೊಂದು ಅಯಸ್ಕಾಂತ ಬಂದರೆ ಬರೆಯುವ ಕೈ ಅಲುಗದೆ ಇದ್ದೀತೆ?

ಕಪ್ಪು ಬಿಳುಪಿನ ಪೆಟ್ಟಿಗೆಯಲ್ಲಿ ಚಿತ್ರ ಸೊಟ್ಟಗಾಗಿ, ಅಯಸ್ಕಾಂತ ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತಿತ್ತು. ನಿಜವಾದ ಪೀಡೆ ಬಣ್ಣದ ಟಿ.ವಿ.ಯದು, ನಮ್ಮ ದೇಶಕ್ಕೆ ಅದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ ಬಂತು. ಅದರ ಗಾಜಿನ ಹಿಂದೆ ಸಣ್ಣ ಸಣ್ಣ ರಂಧ್ರಗಳ ಒಂದು ಲೋಹದ ತಗಡು ಇರುತ್ತಿತ್ತು. ಕೆಂಪು, ಹಸಿರು, ನೀಲಿಗಳ ಕಿರಣಗಳು ತಂತಮ್ಮ ಚುಕ್ಕೆಗೇ ತಾಗುವಂತೆ ನೋಡಿಕೊಳ್ಳುವುದು ಅದರ ಕೆಲಸ. ಆ ತಗಡಿಗೇ ಅಯಸ್ಕಾಂತದ ಗುಣ ಅಂಟಿಕೊಂಡರೆ ಹಸಿರು, ನೇರಳೆ ಕಲೆಗಳು ಪರದೆಯ ಮೇಲೆ ಉಳಿದುಬಿಡುತ್ತಿದ್ದವು.

ಅದನ್ನು ಬಿಡಿಸುವ ಉಪಾಯ ಬಂದದ್ದು ಯುದ್ಧದ ಕಡಲಿನಿಂದ. 1939ರ ನವೆಂಬರಿನಲ್ಲಿ ಜರ್ಮನರ ಒಂದು ಅಯಸ್ಕಾಂತ ಸಿಡಿಗುಂಡು ಥೇಮ್ಸ್ ನದಿಯ ಮುಖದಲ್ಲಿ ಷೂಬರಿನೆಸ್‌ನ ಕೆಸರಿನಲ್ಲಿ ಬಿದ್ದಿತು. ಬ್ರಿಟಿಷ್ ನೌಕಾದಳದ ಔವ್ರಿ ಎಂಬ ಅಧಿಕಾರಿ ಜೀವದ ಹಂಗು ತೊರೆದು ಅದನ್ನು ಬಿಚ್ಚಿದರು. ಉಕ್ಕಿನ ಹಡಗಿನ ಅಯಸ್ಕಾಂತ ಗುಣವೇ ಗುಂಡನ್ನು ಸಿಡಿಸುತ್ತದೆ ಎಂಬುದು ಖಚಿತವಾಯಿತು. ಹಡಗಿಗೆ ತಂತಿ ಸುತ್ತಿ ವಿದ್ಯುತ್ ಹರಿಸಿ ಆ ಗುಣವನ್ನು ಅಡಗಿಸಿದರು. ಗಣಿತಜ್ಞ ಗಾಸ್ ಅವರ ಹೆಸರಿನಿಂದ ಅದಕ್ಕೆ ‘ಡಿಗಾಸಿಂಗ್’ ಎಂಬ ಹೆಸರು ಬಂತು. ಬಣ್ಣದ ಟಿ.ವಿ.ಯ ಗಾಜಿನ ಸುತ್ತಲೂ ಇಂಥದೇ ಒಂದು ಸುರುಳಿ ಇತ್ತು. ಸ್ವಿಚ್ ಹಾಕಿದೊಡನೆ ‘ಧುಂ’ ಎಂದು ಸದ್ದಾಗುತ್ತಿದ್ದುದು ಹಲವರಿಗೆ ನೆನಪಿರಬಹುದು, ಅದು ಅದೇ.

ಇನ್ನು ಲ್ಯಾಪ್‌ಟಾಪಿನ ಪರದೆ. ಇಲ್ಲಿ ಓಡುವ ಕಿರಣವೂ ಇಲ್ಲ, ತೂತಿನ ತಗಡೂ ಇಲ್ಲ. ಬಹುಪಾಲು ಯಂತ್ರಗಳಲ್ಲಿರುವುದು ದ್ರವ ಸ್ಫಟಿಕ. 1888ರಲ್ಲಿ ಪ್ರಾಗ್‌ನ ರೈನಿಟ್ಜರ್ ಕಂಡ ಈ ವಿಚಿತ್ರ ಪದಾರ್ಥದಿಂದ ಪರದೆ ಮಾಡಬಹುದೆಂದು ಅಮೆರಿಕದ ಆರ್.ಸಿ.ಎ. ಕಂಪನಿ 1968ರಲ್ಲಿ ಸಾರಿತು. ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಪಾಲುಂಟು. ಸಿ. ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ಸಂಶೋಧನೆ ನಡೆಸಿ, ಬಳಿಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ತಟ್ಟೆಯಾಕಾರದ ಅಣುಗಳಿಂದಲೂ ದ್ರವ ಸ್ಫಟಿಕವಾಗುತ್ತದೆಂದು 1977ರಲ್ಲಿ ಸದಾಶಿವ, ಸುರೇಶ್ ಅವರೊಡನೆ ಅವರು ಪ್ರಕಟಿಸಿದರು. ಪರದೆಯನ್ನು ಓರೆಯಿಂದ ನೋಡಿದಾಗಲೂ ಚಿತ್ರ ಚೆನ್ನಾಗಿ ಕಾಣಿಸುವ ಹಾಳೆಗಳಲ್ಲಿ ಮುಂದೆ ಇಂಥ ಪದಾರ್ಥ ಬಳಕೆಗೆ ಬಂತು. ನಮ್ಮೂರುಗಳಲ್ಲೇ ಇದು ಎಷ್ಟು ಜನಕ್ಕೆ ಗೊತ್ತು!

ಪ್ರಯೋಗಶಾಲೆಯ ಬಲವಾದ ಅಯಸ್ಕಾಂತಕ್ಕೆ ದ್ರವ ಸ್ಫಟಿಕದ ಅಣುಗಳೂ ತಿರುಗುತ್ತವೆ, ನಿಜ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಗೆ ಆ ಶಕ್ತಿ ಇಲ್ಲ.

ಹಾಗಾದರೆ ಅಯಸ್ಕಾಂತ ತಾಗಿದೊಡನೆ ಪರದೆ ಕಪ್ಪಾಗುವುದೇಕೆ? 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ, ವಿದ್ಯುತ್ ಹರಿಯುವ ಲೋಹದ ಹಾಳೆಗೆ ಅಯಸ್ಕಾಂತ ಹಿಡಿದರೆ ಅದರ ಅಡ್ಡಕ್ಕೆ ಸಣ್ಣ ವೋಲ್ಟೇಜು ಹುಟ್ಟುವುದನ್ನು ಕಂಡರು. ಈ ತತ್ವದ ಪುಟ್ಟ ಬಿಲ್ಲೆಯೊಂದು ಅನೇಕ ಲ್ಯಾಪ್‌ಟಾಪುಗಳ ಒಳಗಿದೆ, ಮುಚ್ಚಳದಲ್ಲಿ ಒಂದು ಅಯಸ್ಕಾಂತವಿದೆ. ಮುಚ್ಚಿದಾಗ ಎರಡೂ ಎದುರಾಗಿ ಯಂತ್ರ ನಿದ್ರೆಗೆ ಜಾರುತ್ತದೆ. ಮೊಬೈಲಿನ ಹೊದಿಕೆಯ ಕೊಂಡಿ, ಕೈಗಡಿಯಾರದ ಪಟ್ಟಿ, ಕೆಳಗಿಟ್ಟ ಇನ್ನೊಂದು ಲ್ಯಾಪ್‌ಟಾಪು ಇವೂ ಅದೇ ಮೋಸ ಮಾಡಬಲ್ಲವು. ನಮ್ಮ ಬಳಗದ ಒಂದು ಮನೆಯಲ್ಲಿ ಮಗಳ ಪರೀಕ್ಷೆಯ ಹಿಂದಿನ ದಿನ ಹೀಗಾಯಿತು. ರಿಪೇರಿಯಾತ ಪರದೆಯೇ ಹೋಯಿತು, ಬದಲಿಸಬೇಕು ಎಂದುಬಿಟ್ಟ. ತಪ್ಪೆಲ್ಲ ಪಕ್ಕದಲ್ಲಿಟ್ಟ ಮೊಬೈಲಿನ ಹೊದಿಕೆಯದು!

ಆದ್ದರಿಂದ ಮೊದಲು ಸುತ್ತಲಿನ ಅಯಸ್ಕಾಂತಗಳನ್ನೆಲ್ಲ ದೂರವಿಟ್ಟು ಒಂದು ಕೀಲಿ ಒತ್ತಿ. ಏಳದಿದ್ದರೆ ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಿ. ಆಗಲೂ ಕಪ್ಪಾಗಿದ್ದರೆ ಮನೆಯ ಟಿ.ವಿ.ಗೆ ತಂತಿ ಜೋಡಿಸಿ ನೋಡಿ. ಅಲ್ಲಿ ಚಿತ್ರ ಬಂದರೆ ದೋಷವನ್ನು ಪರದೆ, ಅದರ ತಂತಿ ಅಥವಾ ಆ ಬಿಲ್ಲೆಯಲ್ಲಿ ಹುಡುಕಬೇಕು. ಬಿಲ್ಲೆಯನ್ನೂ ನೋಡಿ ಎಂದು ರಿಪೇರಿಯವನಿಗೆ ಹೇಳಿ. ಬಣ್ಣದ ಕಲೆ, ಗೆರೆ ಕಂಡರೆ ಅದು ಒತ್ತಡದ್ದೋ ಪೆಟ್ಟಿನದೋ ಇರಬೇಕು. ಇಂಥ ಪರದೆಗೆ ಡಿಗಾಸ್ ಮಾಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಹಳೆಯ ಯಂತ್ರದ ಹಾರ್ಡ್ ಡಿಸ್ಕು ಮಾತ್ರ ಅಯಸ್ಕಾಂತ ಗುಣದಿಂದಲೇ ಬರಹ ಹಿಡಿದಿಡುವಂಥದು. ಬಲವಾದ ಸೂಜಿಗಲ್ಲನ್ನು ಅದರ ಮೇಲೆ ಇಡದಿರುವುದು ಲೇಸು.