ಹಲಗಿಯಿಂದ ಎಲೆಕ್ಟ್ರಾನಿಕ್ ಡ್ರಮ್‌ವರೆಗೆ: ನಮ್ಮ ಗಾಯನ ವೃಂದದ ಹೊಸ ವಾದ್ಯ, ಒಂದು ಹಳೆಯ ಪ್ರಶ್ನೆ



ಸೋಲಾಪುರದಲ್ಲಿ ನಮ್ಮ ಗಾಯನ ವೃಂದಕ್ಕೆ ಹೊಸ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಬಂದಿದೆ. ಹಳೆಯದರ ರಬ್ಬರ್ ಪ್ಯಾಡ್‌ಗಳು ಗಟ್ಟಿಯಾಗಿ, ಒಂದು ಹೊಡೆದರೆ ಇನ್ನೊಂದು ಸದ್ದು ಮಾಡುವ ಸ್ಥಿತಿಗೆ ಬಂದಿತ್ತು. ಹೊಸ ಪೆಟ್ಟಿಗೆ ಬಿಚ್ಚಿದ ಸಂಜೆ ನಮಗೆಲ್ಲ ಹಬ್ಬ. ಆದರೆ ಅಕ್ಕಲಕೋಟ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಹಿರಿಯ ಅಜ್ಜ ಒಬ್ಬರು ಅದನ್ನು ನೋಡಿ ಹೇಳಿದರು: "ನಮ್ಮಪ್ಪ ಹಲಗಿ ಬಿಟ್ಟು ಯೇಸುಸ್ವಾಮಿ ಹಂತ್ಯಾಕ ಬಂದಾನ. ನೀವು ಮತ್ತ ಅದನ್ನ ಗುಡ್ಯಾಗ ತರಾಕತ್ತೀರೇನ್ರೋ ತಮ್ಮಾ?"

ನಾವು ನಕ್ಕು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಈ ಬರಹ ಆ ಮಾತಿನಿಂದ ಹುಟ್ಟಿದ್ದು.

ಪವಿತ್ರ ಗ್ರಂಥದಲ್ಲಿ ತಾಳವಾದ್ಯಕ್ಕೆ ಕೊರತೆಯಿಲ್ಲ. ಕೆಂಪು ಸಮುದ್ರ ದಾಟಿದ ಮೇಲೆ ಮಿರಿಯಮಳು ದಮ್ಮಡಿ ಹಿಡಿದು ಹೆಂಗಸರ ಮುಂದೆ ನಡೆದಳು. 150ನೇ ಕೀರ್ತನೆಯಂತೂ ದಮ್ಮಡಿ, ತಾಳ ಎಲ್ಲವನ್ನೂ ಸ್ತುತಿಗೆ ಕರೆಯುತ್ತದೆ. ಹಾಗಿದ್ದರೂ 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನವೇ, ಪೋಪ್ ಹತ್ತನೇ ಪಿಯುಸ್ ಅವರು ದೇವಾಲಯದೊಳಗೆ ಪಿಯಾನೊ, ಡ್ರಮ್, ತಾಳದಂಥ ವಾದ್ಯಗಳು ಬೇಡ ಎಂದು ಆಜ್ಞೆ ಹೊರಡಿಸಿದರು. ಆಗ ಯುರೋಪಿನ ದೇವಾಲಯಗಳಿಗೆ ನಾಟಕಶಾಲೆಯ ಸಂಗೀತ ನುಗ್ಗಿತ್ತು. ಅದನ್ನು ತಡೆಯುವುದು ಅವರ ಉದ್ದೇಶ. ಅದೇ ಆಜ್ಞೆಯಲ್ಲಿ ಹೊರಗಿನ ಮೆರವಣಿಗೆಗೆ ಬ್ಯಾಂಡ್ ಬಳಸಲು ಅವಕಾಶವೂ ಇತ್ತು.

ಅರವತ್ತು ವರ್ಷಗಳ ನಂತರ, 1963ರ ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆ ತನ್ನ ಮೊದಲ ದಾಖಲೆಯಾಗಿ ದೈವಾರಾಧನೆಯ ಸಂವಿಧಾನವನ್ನು ಪ್ರಕಟಿಸಿತು. ಪೈಪ್ ಆರ್ಗನ್‌ಗೆ ಗೌರವ ಉಳಿಸಿಕೊಂಡೇ, ಆರಾಧನೆಗೆ ಹೊಂದುವ, ದೇವಾಲಯದ ಘನತೆಗೆ ತಕ್ಕ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಧರ್ಮಪ್ರಚಾರದ ನಾಡುಗಳಲ್ಲಿ ಆಯಾ ಜನರ ಸ್ವಂತ ಸಂಗೀತಕ್ಕೆ ತಕ್ಕ ಸ್ಥಾನ ಕೊಡಬೇಕೆಂದೂ ಹೇಳಿತು.

ನಮ್ಮ ಸೀಮೆಯಲ್ಲಿ ಈ ಯೋಚನೆ ಮೊದಲೇ ಮೊಳೆತಿತ್ತು. ಅಹಮದನಗರ, ಸೋಲಾಪುರಗಳಲ್ಲಿ ಕೆಲಸ ಮಾಡಿದ ಅಮೆರಿಕನ್ ಮರಾಠಿ ಮಿಷನ್ ಸೇರಿದ ಕವಿ ನಾರಾಯಣ ವಾಮನ ಟಿಳಕರು (ನಿಧನ 1919) ಕ್ರೈಸ್ತ ಭಜನೆ, ಕೀರ್ತನೆಗಳನ್ನು ಜನರ ಬಾಯಿಗೆ ತಂದರು. ಪಂಢರಪುರದ ದಾರಿಯ ಊರುಗಳಿಗೆ ಆ ಧಾಟಿ ಹೊಸದೇನೂ ಅಲ್ಲ.

ಆದರೆ ಹಲಗಿಯ ಕಥೆ ಬೇರೆ. ನಮ್ಮ ಹಳ್ಳಿಗಳಲ್ಲಿ ಡಂಗುರ, ಜಾತ್ರೆ, ಹೆಣದ ಮೆರವಣಿಗೆ ಎಲ್ಲಕ್ಕೂ ಹಲಗಿ ಬೇಕು. ಬಾರಿಸುವವರು ಮಾತ್ರ ಊರ ಹೊರಗೆ ಇರಬೇಕು. ಅದು ಕೆಲವು ದಲಿತ ಮನೆತನಗಳ ಮೇಲೆ ಹೇರಿದ ಚಾಕರಿ. ಚರ್ಮದ ವಾದ್ಯ ಮುಟ್ಟಿದವರನ್ನು ಮೈಲಿಗೆ ಎಂದರು. ಅದೇ ವಾದ್ಯದ ಸದ್ದಿಗೆ ಎಲ್ಲರೂ ಕುಣಿದರು. 1927ರ ಮಹಾಡ್ ಸತ್ಯಾಗ್ರಹದ ಕಾಲದಲ್ಲಿ ಡಾ. ಅಂಬೇಡ್ಕರ್ ಅವರು ಇಂಥ ಊರ ಚಾಕರಿಗಳನ್ನು ಬಿಡಿರೆಂದು ಕರೆ ಕೊಟ್ಟರು. ನಮ್ಮ ಎಷ್ಟೋ ಮನೆಗಳ ಹಿರಿಯರು ಜ್ಞಾನಸ್ನಾನ ಪಡೆದಾಗ ಹಲಗಿಯನ್ನು ಗೂಟಕ್ಕೆ ತೂಗಿಹಾಕಿದ್ದೂ ಇದೇ ಕಾರಣಕ್ಕೆ. ಅವರಿಗೆ ಹಾರ್ಮೋನಿಯಂ ಎಂದರೆ ಮರ್ಯಾದೆ. ಅಜ್ಜನ ಮಾತಿನಲ್ಲಿದ್ದ ನೋವು ಇದು.

ಇನ್ನು ಈ ಹೊಸ ಯಂತ್ರದ ವಂಶವೃಕ್ಷ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಗುಣವನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು ಕಂಡುಹಿಡಿದರು. ಇಂದು ಪ್ಯಾಡ್‌ನ ಕೆಳಗೆ ಕೂತಿರುವ ನಾಣ್ಯದಂಥ ತೆಳು ಬಿಲ್ಲೆ ಮಾಡುವ ಕೆಲಸವೂ ಅದೇ. ಏಟಿನ ಬಲಕ್ಕೆ ತಕ್ಕಂತೆ ಅದು ಸಣ್ಣ ವಿದ್ಯುತ್ ಸಂಕೇತ ಕಳಿಸುತ್ತದೆ. ಮಾಡ್ಯೂಲ್ ಅದನ್ನು ಅಳೆದು, ಮೊದಲೇ ತುಂಬಿಟ್ಟ ನಾದವನ್ನು ಹೊರಡಿಸುತ್ತದೆ. 1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಕಂಪನಿಯ ಆರು ಮೂಲೆಯ ಪ್ಯಾಡ್‌ಗಳು ಬಂದವು. 1985ರಲ್ಲಿ ಜಪಾನಿನ ರೋಲ್ಯಾಂಡ್ ಆಕ್ಟಾಪ್ಯಾಡ್ ತಂದಿತು. ನಮ್ಮ ದೇಶದ ಆರ್ಕೆಸ್ಟ್ರಾಗಳಲ್ಲಿ ನೀವೆಲ್ಲ ನೋಡಿರುವ ಎಂಟು ಚೌಕದ ವಾದ್ಯ ಅದೇ. 1997ರಲ್ಲಿ ಅದೇ ಕಂಪನಿ ಜಾಳಿಗೆಯ ಮೈಯುಳ್ಳ ಡ್ರಮ್ ಮಾಡಿತು.

ನಮ್ಮ ಹೊಸ ಕಿಟ್ ಕೂಡ ಜಾಳಿಗೆಯದೇ. ಮೊದಲ ವಾರದಲ್ಲೇ ವ್ಯತ್ಯಾಸ ಗೊತ್ತಾಯಿತು. ಮಣಿಕಟ್ಟು ನೋಯುವುದಿಲ್ಲ. ಮೆಲ್ಲನೆ ತಾಗಿಸಿದರೆ ಮೆಲ್ಲನೆಯೇ ನುಡಿಯುತ್ತದೆ. ಹಾಗಾಗಿ ಪರಮಪ್ರಸಾದದ ಹಾಡಿಗೆ ತಾಳ ಪಿಸುಗುಟ್ಟಬಲ್ಲದು. ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಅಭ್ಯಾಸಕ್ಕೂ ಪಕ್ಕದ ಮನೆಯವರ ಬೈಗುಳವಿಲ್ಲ. ಮಡಚಿ ಜೀಪಿನಲ್ಲಿ ಹಾಕಿದರೆ ಅಕ್ಕಲಕೋಟಕ್ಕೆ ಸಾಗುತ್ತದೆ. ಕುಂದುಗಳೂ ಇವೆ: ಜಾಳಿಗೆ ನಿಜವಾದ ಡ್ರಮ್‌ಗಿಂತ ಹೆಚ್ಚು ಪುಟಿಯುತ್ತದೆ, ಪೆಡಲಿನ ಧಡಧಡ ನೆಲಕ್ಕೆ ಇಳಿಯುತ್ತದೆ, ಕರೆಂಟ್ ಹೋದರೆ ವಾದ್ಯವೇ ಮೂಕ.

ಇನ್ನೊಂದು ಸೌಲಭ್ಯವಿದೆ. ನಾವೇ ಧ್ವನಿಮುದ್ರಿಸಿದ ಸದ್ದನ್ನು ಪೆನ್‌ಡ್ರೈವ್‌ನಿಂದ ತುಂಬಬಹುದು. ಹಲಗಿಯನ್ನೇ ತುಂಬಿದರೆ ಹೇಗೆ ಎಂಬ ಯೋಚನೆ ಬಂತು. ಮದುರೆಯ ದೈವಶಾಸ್ತ್ರ ಕಾಲೇಜಿನಲ್ಲಿ ಥಿಯೋಫಿಲಸ್ ಅಪ್ಪಾವು ಅವರು ದಲಿತರ ಜನಪದ ಸಂಗೀತವನ್ನು ಹೆಮ್ಮೆಯಿಂದ ಆರಾಧನೆಗೆ ತಂದಿದ್ದರು. ನಮ್ಮಲ್ಲಿ ಯಾಕಾಗಬಾರದು? ಆದರೆ ಒಂದು ಎಚ್ಚರ ಬೇಕಿತ್ತು. ಬಾರಿಸಿದ ಕೈಗಳ ಕಥೆ ಬಿಟ್ಟು ಬರಿಯ ಸದ್ದನ್ನು ಎತ್ತಿಕೊಂಡರೆ, ನಾವೂ ಹಳೆಯ ಊರಿನವರಂತೆಯೇ ಆಗುತ್ತೇವೆ.

ಆದ್ದರಿಂದ ಅಜ್ಜನ ಊರಿಗೆ ಹೋದೆವು. ಬೆಂಕಿಗೆ ಹಲಗಿ ಕಾಯಿಸಿ, ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ ಹಿಡಿದು ಬಾರಿಸುವ ಬಗೆಯನ್ನು ಅವರೇ ತೋರಿಸಿದರು. ಫೋನಿನಲ್ಲಿ ಮುದ್ರಿಸಿಕೊಂಡೆವು. ಮುಂದಿನ ಭಾನುವಾರ ಹೆಡ್‌ಫೋನ್ ಕಿವಿಗಿಟ್ಟು, ಅವರ ಏಟನ್ನು ಅವರಿಗೇ ಕೇಳಿಸಿದೆವು. ಬಹಳ ಹೊತ್ತು ಕೇಳಿದರು. ಆಮೇಲೆ, "ಚಲೋ ಅದ. ಪೂಜ್ಯಾಗ ಬ್ಯಾಡ. ಕ್ರಿಸ್ಮಸ್ ಕ್ಯಾರಲ್‌ಗೆ ಬಾರಿಸ್ರಿ, ನಾನೂ ಬರ್ತೀನಿ" ಎಂದರು.

1903ರ ಆಜ್ಞೆಯೂ ಹೆಚ್ಚುಕಡಿಮೆ ಅದನ್ನೇ ಹೇಳಿತ್ತು: ಒಳಗೆ ಬೇಡ, ಹೊರಗೆ ಆಗಲಿ. 1963ರವರೆಗೆ ಸಭೆ ಕಾದಿದೆ. ಅಜ್ಜನಿಗಾಗಿ ನಾವೂ ಕಾಯಬಲ್ಲೆವು. ಗೆಳೆಯರೇ, ನಿಮ್ಮ ಮನೆಯ ಗೂಟದಲ್ಲಿ ತೂಗುವ ವಾದ್ಯವಿದ್ದರೆ, ಅದನ್ನು ಯಾಕೆ ಬಿಟ್ಟಿರಿ ಎಂದು ಹಿರಿಯರನ್ನು ಈ ಆಗಮನ ಕಾಲದಲ್ಲಿ ಒಮ್ಮೆ ಕೇಳಿ. ಬರೆದಿಟ್ಟುಕೊಳ್ಳಿ.